ಸನ್ಯಾಸಿ ಬಿಲ್ಲೆಯ ಐವತ್ತು ಅಂಕ

ಕನ್ನಡಕದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪಾಯಿಂಟಕ್ಕ ಎಂದು. ಮೂವತ್ತೊಂದು ವರ್ಷಗಳಿಂದ ಮಸೂರಗಳ ಅಂಚು ಅರೆದು ಚೌಕಟ್ಟಿಗೆ ಕೂರಿಸುತ್ತ ಬಂದಿರುವ ಅವಳಿಗೆ ಮಸೂರದ ನಂಬರಿನಲ್ಲಿ ಪಾಯಿಂಟ್ ಎರಡು ಐದು ತಪ್ಪಿದರೂ ತಪ್ಪೇ. ‘ಸುಮಾರು’ ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಮೇಲ್ವಿಚಾರಕ ಒಮ್ಮೆ ಸುಮಾರಾಗಿ ಸರಿಯಿದೆ, ಕಳಿಸಿಬಿಡು ಎಂದಾಗ ಅವಳು ಆ ಕನ್ನಡಕವನ್ನು ಅವನ ಮೂಗಿನ ಮೇಲೆಯೇ ಏರಿಸಿ, ಹಾಗೇ ಮೆಟ್ಟಿಲಿಳಿದು ತೋರಿಸಿ ಅಂದಿದ್ದಳು. ಆತ ಇಳಿಯಲಿಲ್ಲ. ಮಸೂರ ಮತ್ತೆ ಅರೆಯಲ್ಪಟ್ಟಿತು.

ಇಂಥವಳ ಕೋಪ ಏಳು ತಿಂಗಳಿಂದ ಒಬ್ಬನೇ ಮನುಷ್ಯನ ಮೇಲೆ ಕುದಿಯುತ್ತಿತ್ತು. ಅವನು ಅವಳ ಒಡಹುಟ್ಟಿದ ಅಣ್ಣ, ಲಿಫ್ಟ್ ಮೆಕ್ಯಾನಿಕ್ಕಾಗಿ ದುಡಿದು ನಿವೃತ್ತನಾದವನು. ದೊಡ್ಡ ಮನೆ ಬಿಟ್ಟು ನಾಲ್ಕನೆಯ ಮಹಡಿಯ ಎರಡು ಕೋಣೆಗೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಅವನು ಅಮ್ಮನ ಡಾಮಿನೊ ಡಬ್ಬಿಯನ್ನು ಹಳೆಯ ಪತ್ರಿಕೆಗಳ ಜೊತೆ ಗುಜರಿಯವನಿಗೆ ಹಾಕಿಬಿಟ್ಟಿದ್ದ. ವಿಷಯ ತಿಳಿದಾಗ, ಅಮ್ಮ ಬದುಕಿದ್ದಿದ್ದರೆ ಅವಳನ್ನೂ ತೂಕಕ್ಕೆ ಹಾಕುತ್ತಿದ್ದೆಯೇನೋ ಎಂದು ಅವಳು ಕೇಳಿದಳು. ಅವನು ಬಾಗಿಲು ಹಾಕಿಕೊಂಡ. ಅಲ್ಲಿಗೆ ಮಾತು ನಿಂತಿತು.

ಆ ಡಬ್ಬಿಯಲ್ಲಿದ್ದದ್ದು ಇಪ್ಪತ್ತೆಂಟು ಬಿಲ್ಲೆಗಳು. ಪ್ರತಿ ಬಿಲ್ಲೆಗೂ ಎರಡು ಮನೆ. ಪ್ರತಿ ಮನೆಯಲ್ಲಿ ಸೊನ್ನೆಯಿಂದ ಆರರವರೆಗೆ ಚುಕ್ಕಿ. ಇಬ್ಬರು ಆಡುವಾಗ ತಲಾ ಏಳು ಬಿಲ್ಲೆ, ಉಳಿದ ಹದಿನಾಲ್ಕು ಮಗುಚಿಟ್ಟ ರಾಶಿ. ಎರಡೂ ಮನೆಯಲ್ಲಿ ಒಂದೇ ಸಂಖ್ಯೆಯ ಚುಕ್ಕಿಯಿರುವ ಬಿಲ್ಲೆಗೆ ಜೋಡಿ ಎಂದು ಹೆಸರು; ದೊಡ್ಡ ಜೋಡಿ ಹಿಡಿದವರು ಆಟ ತೆರೆಯಬೇಕು. ಆಮೇಲೆ ಸಾಲಿನ ಯಾವುದಾದರೊಂದು ತುದಿಯ ಚುಕ್ಕಿಗೆ ಸರಿಹೊಂದುವ ಬಿಲ್ಲೆಯನ್ನು ಸೇರಿಸುತ್ತ ಹೋಗಬೇಕು. ಇಲ್ಲವಾದರೆ ಸಿಗುವ ತನಕ ರಾಶಿಯಿಂದ ಎಳೆಯಬೇಕು. ರಾಶಿಯೂ ಬರಿದಾದರೆ ಸರದಿ ಬಿಟ್ಟುಕೊಡಬೇಕು. ಕೈ ಮೊದಲು ಖಾಲಿಯಾದವರಿಗೆ ಎದುರಾಳಿಯ ಕೈಯಲ್ಲಿ ಉಳಿದ ಚುಕ್ಕಿಗಳಷ್ಟೂ ಅಂಕ. ಇಬ್ಬರಿಗೂ ದಾರಿ ಕಟ್ಟಿಹೋದರೆ ಕಡಿಮೆ ಚುಕ್ಕಿಯವರು ಗೆದ್ದಂತೆ. ಅವರಿಗೆ ವ್ಯತ್ಯಾಸದಷ್ಟು ಅಂಕ. ಮೊದಲು ನೂರು ಮುಟ್ಟಿದವರದು ಆಟ.

ಇದು ಲೋಕದ ನಿಯಮ. ಅಮ್ಮನದು ಇನ್ನೊಂದಿತ್ತು. ಎರಡೂ ಮನೆ ಬರಿದಾದ ಬಿಲ್ಲೆಗೆ ಅವಳು ಸನ್ಯಾಸಿ ಎಂದು ಹೆಸರಿಟ್ಟಿದ್ದಳು. ಕೊನೆಗೆ ಸನ್ಯಾಸಿ ಯಾರ ಕೈಯಲ್ಲಿ ಸಿಕ್ಕಿಬೀಳುವನೋ ಅವರ ತಲೆಗೆ ಐವತ್ತು ದಂಡ. ಹಾಗಾಗಿ ಸಾಲಿನಲ್ಲಿ ಚುಕ್ಕಿಯಿಲ್ಲದ ಬರಿ ತುದಿ ಕಂಡ ಕೂಡಲೇ ಅವನನ್ನು ಆಚೆ ದಬ್ಬುವುದು ಅಣ್ಣತಂಗಿಯರ ಬೆರಳುಗಳಿಗೆ ಎಂಟನೆಯ ವಯಸ್ಸಿನಲ್ಲೇ ರೂಢಿಯಾಗಿಹೋಗಿತ್ತು.

ಮಾತು ನಿಂತು ಮೂರು ತಿಂಗಳಾದ ಮೇಲೆ, ನಾಲ್ಕು ಗಂಟೆಯ ಚಹಾ ವಿರಾಮದಲ್ಲಿ ಅವಳ ಫೋನಿಗೆ ಅಣ್ಣನ ಹೆಸರಿನಲ್ಲಿ ಡಾಮಿನೊ ಆಟದ ಕರೆ ಬಂದಿತು. ಅಲ್ಲಿ ಬಿಲ್ಲೆ ಹಂಚುವುದು ಫೋನೇ. ಹಾಕಬಹುದಾದ ಬಿಲ್ಲೆ ತಾನಾಗಿ ಹೊಳೆಯುತ್ತದೆ. ಯೋಚಿಸಲು ಅರವತ್ತು ಸೆಕೆಂಡು. ಸುತ್ತು ಮುಗಿದಾಗ ಎದುರಾಳಿಯ ಕೈಯನ್ನು ಬಿಚ್ಚಿ ತೋರಿಸಿ ಅಂಕವನ್ನೂ ಅದೇ ಬರೆದುಕೊಳ್ಳುತ್ತದೆ. ಸನ್ಯಾಸಿಗೆ ಅಲ್ಲಿ ದಂಡವಿಲ್ಲ, ಸೊನ್ನೆಗೆ ಸೊನ್ನೆ. ಬಾಯಿಬಿಟ್ಟು ತಪ್ಪಾಯಿತು ಎನ್ನಲಾರದ ಗಂಡಸು ಹೀಗೆ ಬಿಲ್ಲೆ ಹಾಕಿ ಹೇಳುತ್ತಿದ್ದಾನೆ ಎಂದುಕೊಂಡು ಅವಳು ಒಪ್ಪಿದಳು. ಅಂದಿನಿಂದ ದಿನವೂ ನಾಲ್ಕಕ್ಕೆ ಒಂದು ಆಟ. ಮಾತಿಲ್ಲ, ಕತೆಯಿಲ್ಲ. ಅಣ್ಣ ಇನ್ನೂ ತನ್ನವನೇ ಎಂಬುದಕ್ಕೆ ಅವಳ ಬಳಿ ಇದ್ದ ಪುರಾವೆ ಅದೊಂದೇ.

ಆ ಪುರಾವೆಯಲ್ಲೇ ಬಿರುಕು ಕಂಡಿತು. ಒಂದು ಸುತ್ತಿನ ಕೊನೆಗೆ ಅಣ್ಣನ ಕೈ ಬಿಚ್ಚಿದಾಗ ಸನ್ಯಾಸಿ ತಣ್ಣಗೆ ಕುಳಿತಿದ್ದ. ಬರಿ ತುದಿ ಎರಡು ಸಲ ತೆರೆದಿತ್ತು. ರಾಶಿಯಿಂದ ಒಂದು ಬಿಲ್ಲೆಯನ್ನೂ ಎಳೆದಿರಲಿಲ್ಲ. ಅಂದರೆ ಆರಂಭದಿಂದಲೂ ಕೈಯಲ್ಲೇ ಇದ್ದವನನ್ನು ಬೇಕೆಂದೇ ಇಟ್ಟುಕೊಂಡದ್ದು. ಒಂದು ಸಲದಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವಳು ಮಸೂರದ ಖಾಲಿ ಲಕೋಟೆಗಳ ಹಿಂದೆ ಪೆನ್ಸಿಲಿನಲ್ಲಿ ಬರೆದಿಡತೊಡಗಿದಳು. ಅರವತ್ತೊಂದು ಸುತ್ತುಗಳಲ್ಲಿ ಹೀಗೆ ಹನ್ನೊಂದು ಸಲ. ಫೋನಿನ ನಿಯಮಕ್ಕೆ ಅಣ್ಣ ಹೊಂದಿಕೊಂಡಿರಬಹುದೇ? ಆ ಊಹೆಯನ್ನೂ ಅವಳು ತನ್ನ ಮೇಲೆಯೇ ಪರೀಕ್ಷಿಸಿದಳು. ದಂಡವಿಲ್ಲವೆಂದು ಬಲ್ಲ ಅವಳ ಬೆರಳೇ ಪ್ರತಿ ಸಲ, ಸೋಲುವ ಹಾಗಿದ್ದಾಗಲೂ, ಸನ್ಯಾಸಿಯನ್ನೇ ಮೊದಲು ತಳ್ಳುತ್ತಿತ್ತು. ಆ ಮನೆಯಲ್ಲಿ ಬೆಳೆದವರು ಮಾತ್ರ ಮಾಡುವ ತಪ್ಪು ಅದು. ಎದುರಿಗಿದ್ದವರು ಅದನ್ನು ಮಾಡುತ್ತಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಲಕೋಟೆಗಳ ಕಟ್ಟು ಹಿಡಿದು ಹೊರಟಳು. ಲಿಫ್ಟ್ ಕೆಟ್ಟಿತ್ತು. ಲಿಫ್ಟ್ ಮೆಕ್ಯಾನಿಕ್ಕಿನ ಮನೆಗೆ ನಾಲ್ಕು ಮಹಡಿ ಹತ್ತಬೇಕಾಗಿ ಬಂದದ್ದರಿಂದ, ಬಾಗಿಲು ಮುಟ್ಟುವ ಹೊತ್ತಿಗೆ ಕೋಪ ನೆತ್ತಿಗೇರಿತ್ತು. ಒಳಗೆ ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಪರದೆಯ ಬಟ್ಟೆಗೆ ಅಂಚು ಹೊಡೆಯುತ್ತಿದ್ದಳು.

“ಅತ್ತಿಗೆ, ನಾಲ್ಕು ಗಂಟೆಗೆ ನನ್ನ ಜೊತೆ ಆಡ್ತಿರೋದು ಯಾರು?”

ಅತ್ತಿಗೆ ಪೆಡಲಿನಿಂದ ಕಾಲು ತೆಗೆಯಲಿಲ್ಲ. “ನಾನೇ. ಯಾಕೆ, ಸೋತಿದ್ದಕ್ಕೆ ಜಗಳಕ್ಕೆ ಬಂದ್ಯಾ?”

ಕರೆ ಕಳಿಸಿದ್ದೂ ತಾನೇ ಎಂದು ಅವಳು ಹೊಲಿಯುತ್ತಲೇ ಹೇಳಿದಳು. ಗಂಡ ಎರಡು ದಿನ ಆಡಿ, ಟಪ್ ಎಂದು ಸದ್ದಾಗದ ಇದೂ ಒಂದು ಆಟವೇ ಎಂದು ಫೋನನ್ನು ಮಂಚದ ಮೇಲೆ ಎಸೆದಿದ್ದನಂತೆ. ಮೂರನೆಯ ದಿನ ನಾಲ್ಕಕ್ಕೆ ಅದು ಕೂಗಿಕೊಂಡಾಗ, ಈ ದಾರವೂ ಕಡಿದುಹೋಗುವುದು ಬೇಡವೆಂದು ಇವಳು ಎತ್ತಿಕೊಂಡಳು. ಹದಿನಾಲ್ಕು ಆಟ ಸೋತು ಕಲಿತಳು. ಒಂದೊಂದು ಅಂಕಿಯೂ ಏಳು ಬಿಲ್ಲೆಗಳಲ್ಲಿದೆ. ಬಿದ್ದದ್ದನ್ನು ಎಣಿಸಿಕೊಂಡರೆ ಬಾಕಿಯೆಷ್ಟೆಂದು ತಿಳಿಯುತ್ತದೆ. ಬಟ್ಟೆ ಕತ್ತರಿಸುವವಳಿಗೆ ಅದೇನು ಮಹಾ.

ಮೂವತ್ತು ವರ್ಷಗಳಿಂದ ಅತ್ತಿಗೆಗೆ ಲೆಕ್ಕ ಬಾರದೆಂದು ನಂಬಿದ್ದ ಪಾಯಿಂಟಕ್ಕನಿಗೆ ಇದು ಮೋಸಕ್ಕಿಂತ ಹೆಚ್ಚು ಚುಚ್ಚಿತು.

“ನಮ್ಮನೇಲಿ ಸನ್ಯಾಸೀನ ಯಾರೂ ಕೈಯಲ್ಲಿ ಇಟ್ಕೊಳಲ್ಲ. ಅದಕ್ಕೇ ಸಿಕ್ಕಿಬಿದ್ರಿ. ಇಷ್ಟು ದಿನ ಅಣ್ಣ ಕ್ಷಮೆ ಕೇಳ್ತಿದಾನೆ ಅನ್ಕೊಂಡು ಆಡಿದೀನಿ ನಾನು.”

ಯಂತ್ರ ನಿಂತಿತು. “ಅನ್ಕೊಂಡಿದ್ದು ನೀನು. ಬಸ್ಸಲ್ಲಿ ನಲವತ್ತು ನಿಮಿಷದ ದಾರಿ. ಏಳು ತಿಂಗಳಲ್ಲಿ ಒಂದ್ಸಲ ಬಂದ್ಯಾ? ಅಲ್ಲೇ ಕೂತು ಅಣ್ಣನ್ನೂ ಕನ್ನಡಕದ ಥರ ಅಳೀತಾ ಇದ್ದೆ.”

ಒಳಕೋಣೆಯಿಂದ ಅಣ್ಣ ಹೊರಗೆ ಬಂದ. ಗಡ್ಡ ಅರ್ಧ ಬೋಳಿಸಿತ್ತು, ಉಳಿದರ್ಧದಲ್ಲಿ ನೊರೆ.

“ಡಬ್ಬಿ ಎಸ್ದೋನು ನೀನು. ಒಂದ್ಸಲ ತಪ್ಪಾಯ್ತು ಅಂದ್ರೆ ಬಾಯಿ ಸವೀತಿತ್ತಾ?” ಅವಳು ಕೇಳಿದಳು.

“ಅವತ್ತೇ ಸಂಜೆ ಗುಜರಿ ಅಂಗಡೀಲಿ ಮೂರು ಮೂಟೆ ಬಿಚ್ಚಿ ಹುಡುಕ್ದೆ. ಸಿಗಲಿಲ್ಲ. ಕೇಳಿದ್ಯಾ ನೀನು?”

“ಹೇಳಿದ್ಯಾ ನೀನು?”

ಗುಜರಿ ಅಂಗಡಿಯ ವಿಷಯ ಅವಳ ಯಾವ ಲಕೋಟೆಯಲ್ಲೂ ಇರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು ಅವಳು ಅತ್ತಿಗೆ ಕೊಟ್ಟ ನೀರನ್ನೂ ಮುಟ್ಟದೆ, ಇನ್ನು ಆಡುವುದಾದರೆ ನಿಮ್ಮ ಹೆಸರಿನಲ್ಲೇ ಆಡಿ, ಇವನ ಹೆಸರಿನಲ್ಲಿ ಬಂದರೆ ನಾನು ತೆರೆಯುವುದಿಲ್ಲ ಎಂದು ಹೇಳಿ ಮೆಟ್ಟಿಲಿಳಿದಳು. ಎರಡನೆಯ ಮಹಡಿಯಲ್ಲಿ ನಿಂತು ಲಕೋಟೆಗಳನ್ನು ಹರಿದು ಚೀಲಕ್ಕೆ ತುರುಕಿದಳು. ಅರವತ್ತೊಂದರಲ್ಲಿ ಮೂವತ್ತನಾಲ್ಕು ಸುತ್ತು ಅತ್ತಿಗೆಯೇ ಗೆದ್ದಿದ್ದಳು. ಅದೂ ನೆನಪಾಗಿ ಇನ್ನಷ್ಟು ಉರಿಯಿತು.

ಮರುದಿನ ನಾಲ್ಕಕ್ಕೆ ಕರೆ ಬಂದಿತು, ಹೆಸರು ಅತ್ತಿಗೆಯದು. ಅವಳ ಜೋಡಿ ಆರರಿಂದ ಆಟ ತೆರೆಯಿತು. ಪಾಯಿಂಟಕ್ಕ ಆರು–ಸೊನ್ನೆ ಹಾಕಿದಳು. ಬರಿ ತುದಿ ತೆರೆದು ನಾಲ್ಕು ಸೆಕೆಂಡೂ ಆಗಿರಲಿಲ್ಲ. ಸನ್ಯಾಸಿ ಬಂದು ಬಿದ್ದ.

ಒಂದು ಸಲದಿಂದ ಏನೂ ಸಾಬೀತಾಗುವುದಿಲ್ಲ. ಅತ್ತಿಗೆ ನಿನ್ನೆಯಷ್ಟೇ ಈ ನಿಯಮ ಕೇಳಿಸಿಕೊಂಡಿದ್ದಾಳೆ, ಮರ್ಯಾದೆಗೆಂದು ಹಾಕಿರಬಹುದು. ಇಷ್ಟೆಲ್ಲ ಯೋಚಿಸಿಯೂ ಅವಳು ಆಟ ಬಿಟ್ಟು ಫೋನು ಹಚ್ಚಿದಳು.

“ಅತ್ತಿಗೆ, ಈಗ ಹಾಕಿದ್ದು ಯಾರು?”

“ನಾನೇ ಕಣಮ್ಮಾ. ಬೇರೆ ಹಾಕೋಣ ಅಂತಿದ್ದೆ. ಹಿಂದೆ ಒಬ್ರು ನಿಂತ್ಕೊಂಡು, ಅದನ್ನ ಮೊದ್ಲು ಆಚೆ ಹಾಕೇ ಅಂತ ಕಿವಿ ಹರಿಯೋ ಹಾಗೆ ಕೂಗಿದ್ರು.”

ಪಾಯಿಂಟಕ್ಕ ಚಹಾದ ಲೋಟವನ್ನು ಬದಿಗೆ ಸರಿಸಿದಳು.

“ನಿಂತಿರೋರಿಗೆ ಕೂತ್ಕೊಳ್ಳೋಕೆ ಹೇಳಿ,” ಎಂದಳು. “ಡಬ್ಬಿಗೆ ಐವತ್ತು ದಂಡ ಇನ್ನೂ ಅವನ ತಲೆ ಮೇಲಿದೆ ಅಂತಾನೂ ಹೇಳಿ. ಭಾನುವಾರ ಬರ್ತೀನಿ. ಲಿಫ್ಟ್ ಸರಿ ಇರಬೇಕು.”

ಕರೆ ಕತ್ತರಿಸಿ ನೋಡಿದಾಗ ಸರದಿ ಅವಳದೇ ಆಗಿತ್ತು. ಮೂರು ಸೆಕೆಂಡು ಉಳಿದಿತ್ತು.