ಡೇಟಾ ಸೈನ್ಸ್ ಯಾಕೆ ಒಳ್ಳೆಯದು

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತ ತಂದೆ, ಮಗಳು ಕಾಲೇಜು ನೋಡಿಕೊಂಡು ಮರಳುತ್ತಿದ್ದರು. ನಾನು ದೇಶ ದೇಶ ಸುತ್ತಿದವಳೆಂದು ಗೊತ್ತಾದದ್ದೇ ತಡ, ತಂದೆ ನನ್ನನ್ನು ಕಂಪ್ಯೂಟರ್ ಪಂಡಿತೆ ಮಾಡಿಬಿಟ್ಟರು.

“ಅಕ್ಕಾರ, ಕಂಪ್ಯೂಟರ್ ಸೈನ್ಸ್ ಚಲೋನೋ, ಡೇಟಾ ಸೈನ್ಸ್ ಚಲೋನೋ?”

ನನಗೆ ಎರಡೂ ಗೊತ್ತಿಲ್ಲ. ಹಾಗೆನ್ನುವಷ್ಟರಲ್ಲಿ ನಡುವೆ ಕೂತಿದ್ದ ಮಗಳು ಕಿವಿಯಲ್ಲಿ ಉಸುರಿದಳು: “ಡೇಟಾ ಅನ್ರಿ ಆಂಟಿ. ಅದರ ಲ್ಯಾಬ್ ಮುಗಿಯೂದು ಕತ್ತಲಾದ ಮ್ಯಾಲೆ. ಕತ್ತಲಾದ್ರ ಅಪ್ಪ ಬಸ್ ಹತ್ತಾಕ ಬಿಡಂಗಿಲ್ಲ, ಹಾಸ್ಟೆಲ್‌ಗೇ ಹಾಕಬೇಕಾಗ್ತದ.”

ಪದವಿ ಆರಿಸಲು ಇಷ್ಟು ಗಟ್ಟಿ ಕಾರಣವನ್ನು ನಾನು ಯಾವ ದೇಶದಲ್ಲೂ ಕೇಳಿರಲಿಲ್ಲ. ಮುಖ ಬಿಗಿದುಕೊಂಡು ತೀರ್ಪು ಕೊಟ್ಟೆ: “ಡೇಟಾನೇ ಚಲೋರಿ. ಆದ್ರ ಲ್ಯಾಬ್ ಕತ್ತಲತನಕ ಇರ್ತದ. ಹಾಸ್ಟೆಲ್ ಇಲ್ಲದ ಆಗಂಗಿಲ್ಲ.”

ತಂದೆ ಖುಷಿಯಿಂದ ತೊಡೆ ತಟ್ಟಿಕೊಂಡರು. “ಹಂಗಾದ್ರ ಅದೇ ಹಚ್ಚೂಣು. ಹಾಸ್ಟೆಲ್ ಯಾಕ್ರಿ? ಕಲಬುರಗ್ಯಾಗೇ ಖೂಬಾ ಪ್ಲಾಟ್‌ನಾಗ ಮನಿ ಹಿಡಿತೀವಿ. ಇಕಿ ಅವ್ವ, ಅಜ್ಜಿ, ನಾನು, ಎಲ್ಲಾರೂ ಬರ್ತೀವಿ. ನಾ ದಿನಾ ಲ್ಯಾಬ್ ಬಾಗಿಲಿಗೇ ನಿಂತಿರ್ತೀನಿ!”

ಕಮಲಾಪುರ ಬರುವತನಕ ಹುಡುಗಿ ನನ್ನ ಕಡೆ ನೋಡಲಿಲ್ಲ. ಕಾಲೇಜು ಜೀವನದ ಉಮೇದೆಲ್ಲ ಈಗ ತಂದೆಯದು. ಇಳಿಯುವಾಗ ಕೇಳಿದರು: “ಕ್ಯಾಂಟೀನ್‌ನಾಗ ಪಾಲಕರಿಗೂ ಚಹಾ ಕೊಡ್ತಾರೇನ್ರಿ?”

ಕೊಡ್ತಾರೆ ಎಂದೆ. ಅಷ್ಟರಲ್ಲಿ ಗೊತ್ತಿಲ್ಲದ್ದನ್ನು ಹೇಳುವುದು ನನಗೆ ರೂಢಿಯಾಗಿತ್ತು.