ದೊಡ್ಡಪ್ಪ ಕೇಳಿದ ಪ್ಲೇಟು

ಪಿಂಚಣಿಯ ಕಾಗದ ಹುಡುಕಲು ಹಳೆಯ ಟ್ರಂಕು ತೆಗೆದರೆ, ತಳದಲ್ಲಿ ಒಂದು ಗ್ರಾಮಫೋನ್ ಪ್ಲೇಟು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಹೊದಿಕೆಯ ಮೇಲೆ ಅಮೆರಿಕದ ಕಪ್ಪು ಹಾಡುಗಾರನೊಬ್ಬನ ಮುಖ. ಕಣ್ಣು ಮುಚ್ಚಿದ್ದಾನೆ, ಹಣೆಯ ತುಂಬ ಬೆವರು. ನಿಮಗೂ ಆಗಿರಬೇಕು, ಹುಡುಕಿದ್ದು ಸಿಗುವುದಿಲ್ಲ, ಮರೆತದ್ದು ಕೈಗೆ ಬರುತ್ತದೆ. ಕಾಗದದ ಯೋಚನೆ ಬಿಟ್ಟು ಅಲ್ಲೇ ಕೂತೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಲು ಪರದೇಶದ ಎಂಜಿನಿಯರೊಬ್ಬ ಬಂದಿದ್ದ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನಾನು ಅವನಿಗೆ ದುಭಾಷಿ. ನನ್ನ ಇಂಗ್ಲಿಷು ಎಂಥದ್ದೆಂದರೆ, ಅವನು ನೀರು ಎಂದದ್ದನ್ನು ನಾನು ಊರವರಿಗೆ ಕಲ್ಲು ಎಂದು ತಿಳಿಸಿದೆ. ಕೊನೆಗೆ ಸಿಕ್ಕಿದ್ದೂ ಕಲ್ಲೇ. ಆದರೂ ಆ ಪುಣ್ಯಾತ್ಮ ಹೊರಡುವಾಗ ತನ್ನ ಬ್ಯಾಟರಿ ಪ್ಲೇಯರನ್ನೂ ಈ ಒಂದು ಪ್ಲೇಟನ್ನೂ ನನಗೆ ಕೊಟ್ಟ. ಈ ಹಾಡುಗಾರ ಬಹಳ ವರ್ಷ ಗೆಳೆಯರ ಮೇಳದಲ್ಲಿ ಹಾಡಿದವನಂತೆ. ಮೇಳ ಒಡೆದ ಮೇಲೆ, ಇಳಿವಯಸ್ಸಿನಲ್ಲಿ, ಒಬ್ಬನೇ ನಿಂತು ಹಾಡಿದ್ದು ಇದಂತೆ.

ಅದನ್ನು ಮನೆಯಲ್ಲಿ ಹಾಕಿದ ಮೊದಲ ಸಂಜೆ ದೊಡ್ಡಪ್ಪ ನರಸಯ್ಯ ಬಾಗಿಲಿಗೆ ಬಂದ. ಎರಡು ವರ್ಷದಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ದೊಡ್ಡಪ್ಪ, ಅಪ್ಪ ಇಬ್ಬರೂ ಸಾವಿನ ಮನೆಯ ಹಾಡುಗಾರರು. ಊರಲ್ಲಿ ಯಾರು ಸತ್ತರೂ ನಮ್ಮ ಕೇರಿಗೆ ಕರೆ ಬರುತ್ತಿತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ದೊಡ್ಡಪ್ಪ ಹಾಡಿನ ಸೊಲ್ಲು ಎತ್ತಿದರೆ ಅಪ್ಪ ಹಿಂದಿನಿಂದ ಅದನ್ನು ಹಿಡಿದುಕೊಂಡು ಹಾಡುತ್ತಿದ್ದ. ಆ ಎರಡು ವರ್ಷದ ಹಿಂದೆ ಪಟೇಲರ ಬಾವಿಯ ಹೂಳೆತ್ತಲು ಇಳಿದಿದ್ದ ಅಪ್ಪ ದಂಡೆ ಕುಸಿದು ಸತ್ತ. ಪಟೇಲರ ಮನೆಯಿಂದ ಒಬ್ಬರೂ ನೋಡಲು ಬರಲಿಲ್ಲ. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು, ಊರ ಹೆಣಗಳಿಗೆಲ್ಲ ಹಾಡಿದ ದೊಡ್ಡಪ್ಪ ತಮ್ಮನ ಹೆಣದ ಮುಂದೆ ತುಟಿ ಬಿಚ್ಚದೆ ಕೂತದ್ದು.

ಆ ಸಂಜೆ ಪ್ಲೇಟಿನ ಒಂದು ಬದಿ ಮುಗಿಯುವವರೆಗೆ ಅವನು ಹೊಸಿಲ ಬಳಿ ಅಲ್ಲಾಡಲಿಲ್ಲ.

“ಯಾವೂರೋನ್ಲಾ ಇವ್ನು?”

“ಅಮೆರಿಕದೋನು.”

“ಜೊತೇಲಿ ಹಾಡೋರು ಎಲ್ಲೋದ್ರು?”

“ಬಿಟ್ಟೋದ್ರಂತೆ. ಒಬ್ನೇ ಹಾಡವ್ನೆ.”

ದೊಡ್ಡಪ್ಪ ಹೊಸಿಲ ಬಳಿಯೇ ಕೂತು ಹೇಳಿದ: “ನಿಮ್ಮಪ್ಪನ್ನ ಮಲಗ್ಸಿದ್ರಲ್ಲಾ, ಅವತ್ತು ನಾನೂ ಬಾಯಿ ತೆಗ್ದೆ ಕಣ್ಲಾ. ಹಿಂದ್ಗಡೆ ಹಿಡ್ಕಳಾಕೆ ಅವ್ನಿಲ್ವಲ್ಲ ಅಂತ ಗ್ಯಾನ ಬಂದ್ಬುಡ್ತು. ಉಸ್ರೇ ಹೊರಡ್ಲಿಲ್ಲ.”

ನಾನು ಪ್ಲೇಟು ತಿರುಗಿಸಿ ಹಾಕಿದೆ. ಆಮೇಲೆ ಅವನು ದಿನವೂ ಬಂದ.

ಆ ಬೇಸಿಗೆಯಲ್ಲಿ ಪಟೇಲರ ತಾಯಿ ತೀರಿಕೊಂಡರು. ಬೆಳಿಗ್ಗೆಯೇ ಕರೆಯಲು ಬಂದ ಆಳಿಗೆ ದೊಡ್ಡಪ್ಪ, “ಬರಾಕಿಲ್ಲ ಕಣಪ್ಪ” ಎಂದ. ಸ್ವಲ್ಪ ಹೊತ್ತಿಗೆ ಪಟೇಲರ ಮಗನೇ ಬಂದ.

“ಏನ್ಲಾ, ಕೊಬ್ಬಾ?”

“ಇಲ್ಲ ಬುದ್ದಿ. ನಿಮ್ ಬಾವೀಲಿ ಸತ್ತ ನನ್ ತಮ್ಮಂಗೇ ನಾನು ಹಾಡಿಲ್ಲ. ಅವ್ನಿಗೆ ಹಾಡ್ದೆ ಇನ್ಯಾರ್ಗೂ ಹಾಡಾಕಿಲ್ಲ.”

ಕೈ ಕಟ್ಟಿಕೊಂಡೇ ಹೇಳಿದ, ದನಿ ನಡುಗಲಿಲ್ಲ. ಬಿ.ಎ. ಓದಿದ ನಾನು ಬಾಗಿಲ ಹಿಂದೆ ನಿಂತಿದ್ದೆ.

ಆತ ದೊಡ್ಡಪ್ಪನನ್ನು ಕೆಡವಿ ಮೆಟ್ಟುಗಾಲಲ್ಲೇ ಬಾಯಿಗೆ ಒದ್ದ. ದೊಡ್ಡಪ್ಪ ಎದ್ದು, ರಕ್ತ ಒರೆಸಿಕೊಂಡು, ಅಪ್ಪನನ್ನು ಮಣ್ಣು ಮಾಡಿದ್ದ ಜಾಗಕ್ಕೆ ನೆಟ್ಟಗೆ ನಡೆದ. ನಾನು ಹಿಂದೆ ಹೋದೆ. ಉರಿಬಿಸಿಲಲ್ಲಿ ಒಬ್ಬನೇ ನಿಂತು ಹಾಡಿದ. ಹಲ್ಲು ಮುರಿದ ಬಾಯಲ್ಲಿ ಮಾತು ಸೋರಿಹೋಗುತ್ತಿತ್ತು. ಪ್ರತಿ ಸೊಲ್ಲಿನ ಕೊನೆಗೂ ನಿಂತು, ಅಪ್ಪ ಹಿಡಿದುಕೊಳ್ಳುವಷ್ಟು ಹೊತ್ತು ಕಾದು, ಮುಂದಕ್ಕೆ ಹೋಗುತ್ತಿದ್ದ.

ಪಟೇಲರ ಹೊಲಗಳಲ್ಲಿ ನಮ್ಮ ಕೇರಿಗೆ ಕೂಲಿ ನಿಂತಿತು. ಕೇರಿಯವರೇ ಕೆಲವರು ದೊಡ್ಡಪ್ಪನನ್ನು ಬೈದರು. ಅವನು ಪಾವಗಡದ ಕಡೆ ಕಲ್ಲು ಒಡೆಯಲು ಹೋದ. ಎದೆಗೆ ಧೂಳು ಹತ್ತಿ ಕೆಲವೇ ವರ್ಷಗಳಲ್ಲಿ ಸತ್ತ. ಹೆಣ ಊರಿಗೆ ಬಂದಾಗ ನಾನು ಶಿರಾದಲ್ಲಿ ಮೇಷ್ಟ್ರು. ಪರೀಕ್ಷೆಯ ಕೆಲಸವಿದೆ ಎಂದು ಹೇಳಿ ಕಳಿಸಿದೆ. ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು. ಅವನ ಮುಂದೆ ಹಾಡುವವರು ಯಾರೂ ಇರುವುದಿಲ್ಲವೆಂದು ಗೊತ್ತಿತ್ತು. ಆ ಮೌನದಲ್ಲಿ ನಿಲ್ಲಲು ಹೆದರಿದೆ.

ಅವನ ನಂತರ ನಮ್ಮ ಕೇರಿಯಿಂದ ಯಾರೂ ಪರರ ಸಾವಿಗೆ ಹಾಡಲು ಹೋಗಿಲ್ಲ. ಇದನ್ನು ನಾನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ದೊಡ್ಡಪ್ಪನ ಮಣ್ಣಿಗೆ ನಾನು ಹೋಗದ ಮಾತನ್ನು ಮಾತ್ರ ಇವತ್ತು, ಮೊದಲ ಸಲ, ಹೆಂಡತಿಗೆ ಹೇಳಿದೆ.

ಅವಳು ಬೈಯಲಿಲ್ಲ. “ಅವ್ರನ್ನ ಎಲ್ಲಿ ಮಡಗಿದ್ರು?” ಎಂದಳು.

ನನಗೆ ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆ ಇಬ್ಬರೂ ಊರಿಗೆ ಹೊರಟಿದ್ದೇವೆ. ಜಾಗ ತೋರಿಸಬಲ್ಲವರು ಯಾರಾದರೂ ಉಳಿದಿದ್ದಾರೋ ಇಲ್ಲವೋ.