ಜಿಂಕಿಗೆ ವರ ನೋಡಿದ್ದು

ಏನು ಕೆಲಸ ಎಂದು ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ‘ಬೀಜದ ಕಡೆ’ ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗುತ್ತೇನೆ. ಪೂರ್ತಿ ಹೇಳಲು ನಾಚಿಕೆ. ತಳಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ಮಾಡುವುದಿಷ್ಟೇ: ಹಿರೇಕೆರೂರಿನ ಸುತ್ತಲಿನ ಹತ್ತಿ ಬೀಜದ ಹೊಲಗಳಲ್ಲಿ ಸಾಲು ಸಾಲು ತಿರುಗಿ, ಜೊತೆಯವರಂತೆ ಇಲ್ಲದ ಗಿಡವನ್ನು ಗುರುತಿಸಿ ಕೀಳಿಸುವುದು. ಎಲೆಯ ಅಂಚು ತುಸು ಬೇರೆಯಾಗಿರಲಿ, ಕಾಂಡದ ಬಣ್ಣ ತುಸು ಬೇರೆಯಾಗಿರಲಿ, ಅದರ ಕತೆ ಮುಗಿಯಿತು. ಅಂಥ ಗಿಡಕ್ಕೆ ಹೊಲದಲ್ಲಿ ‘ಬೆರಕೆ’ ಎನ್ನುತ್ತಾರೆ. ಮದುವೆಮನೆಗಳಲ್ಲಿ ಗುಂಪು ಬಿಟ್ಟು ಮೂಲೆ ಹುಡುಕುವ ನನ್ನಂಥವಳನ್ನೇ ಈ ಕೆಲಸಕ್ಕೆ ಇಟ್ಟಿದ್ದಾರೆಂದು ಆ ಗಿಡಗಳಿಗೆ ತಿಳಿದರೆ ಏನೆಂದುಕೊಂಡಾವೋ.

ಅದೇ ಹೊಲದಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸವನ್ನು ಮಾತ್ರ ನಾನು ಇಂದಿಗೂ ಉಸಿರು ಬಿಗಿಹಿಡಿದು ನೋಡುತ್ತೇನೆ. ಸಂಜೆಯ ಹೊತ್ತು, ನಾಳೆ ಅರಳಲಿರುವ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಅದರ ಗಂಡುಭಾಗವನ್ನಷ್ಟೇ ಬಿಡಿಸಿ ತೆಗೆಯುತ್ತಾರೆ. ನಡುವಿನ ಹೆಣ್ಣುಭಾಗಕ್ಕೆ ಒಂದು ಗೀರೂ ಬೀಳಬಾರದು. ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂ ತಂದು ಅದಕ್ಕೆ ಸವರಿ, ಗುರುತಿಗೊಂದು ದಾರ ಕಟ್ಟಿ ಮುಂದೆ ಹೋಗುತ್ತಾರೆ. ಇದಕ್ಕೆ ‘ಕ್ರಾಸಿಂಗ್’ ಎಂದು ಹೆಸರು. ಅವರಲ್ಲಿ ಹಿರಿಯಳಾದ ಹನುಮವ್ವ ಒಮ್ಮೆ, “ದಿನಾ ಐನೂರು ಲಗ್ನಾ ಮಾಡ್ತೇವ್ರಿ ಮೇಡಂ. ಒಬ್ಬರರ ಊಟಕ್ಕ ಕರದಾರೇನ್ರಿ?” ಎಂದಳು.

ಈ ಲಗ್ನದ ಎರಡೂ ಕಡೆಯವರು ನೋಡಲು ಅಷ್ಟಕ್ಕಷ್ಟೇ. ತಲೆಮಾರುಗಟ್ಟಲೆ ತಮ್ಮತಮ್ಮೊಳಗೇ ಕೂಡಿ ಸೊರಗಿದ ಕುಲಗಳು. ಅವುಗಳ ಕೂಸು ಮಾತ್ರ ಎದೆಯೆತ್ತರ ಬೆಳೆದು, ತೂಗಾಡುವಷ್ಟು ಕಾಯಿ ಹೊರುತ್ತದೆ. ಯಾಕೆ ಎಂಬುದಕ್ಕೆ ಪರೀಕ್ಷೆಯಲ್ಲಿ ಹನ್ನೆರಡು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೇನೆ. ಗಿಡದ ಮುಂದೆ ನಿಂತಾಗ ಆ ಹನ್ನೆರಡು ಪುಟಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಸಾಲದ್ದಕ್ಕೆ ಅದೇ ಗಿಡದ ಎಲೆಯೊಳಗೆ ಮಣ್ಣಿನ ಒಂದು ಸೂಕ್ಷ್ಮಜೀವಿಯ ವಂಶವಾಹಿಯೂ ಕೂತಿದೆ. ಕಾಯಿಕೊರಕ ಹುಳು ಬಾರದಿರಲೆಂದು ಮನುಷ್ಯರು ಅದನ್ನು ಅಲ್ಲಿಂದ ಎತ್ತಿ ಇಲ್ಲಿಟ್ಟಿದ್ದಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಚಹಾದಂಗಡಿಯಲ್ಲಿ ವಾದ ನಡೆಯುವಾಗ ನಾನು ಬಾಯಿ ತೆರೆಯುವುದಿಲ್ಲ. ಆದರೆ ಎಲೆಯನ್ನು ಅರೆದು, ಆ ರಸದಲ್ಲಿ ಪರೀಕ್ಷೆಯ ಪಟ್ಟಿಯನ್ನು ಅದ್ದಿ, ಎರಡನೆಯ ಗೆರೆ ಮೆಲ್ಲಗೆ ಮೂಡುವವರೆಗೂ ಪಟ್ಟಿಯನ್ನು ಬೆಳಕಿಗೆ ಹಿಡಿದೇ ಇರುತ್ತೇನೆ. ಹತ್ತಿಯಲ್ಲದ ಒಂದು ಜೀವ ಹತ್ತಿಯೊಳಗಿಂದ ‘ಇದ್ದೇನೆ’ ಎಂದ ಹಾಗೆ.

ನಮ್ಮ ಕಡೆ ಇಂಥದ್ದಕ್ಕೆಲ್ಲ ಎರಡೇ ಮಾತು: ಹೈಬ್ರಿಡ್ ಮತ್ತು ಜವಾರಿ. ಜವಾರಿ ಎಂದರೆ ಊರಿನದು, ನಮ್ಮದು. ಜವಾರಿ ಸೌತೆಕಾಯಿಗೆ ಮರ್ಯಾದೆ ಹೆಚ್ಚು, ಜವಾರಿ ಕೋಳಿಗಂತೂ ಕೇಳುವುದೇ ಬೇಡ. ಆದರೆ ಊರಿನ ನಾಯಿಯನ್ನು ಜವಾರಿ ಎಂದು ಯಾರೂ ಹೊಗಳಿದ್ದು ಕೇಳಿಲ್ಲ. ಅದು ಕಂತ್ರಿ. ಈ ಶಬ್ದ ಬಂದದ್ದು ‘ಕಂಟ್ರಿ’ಯಿಂದ, ದೇಶ ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಎನ್ನುತ್ತಾರೆ. ನಮ್ಮದೇ ಕೋಳಿ ಹೊಗಳಿಕೆಯಾಗಿ ನಮ್ಮದೇ ನಾಯಿ ಬೈಗುಳವಾದದ್ದು ಯಾವ ನ್ಯಾಯವೋ.

ಈ ಅನ್ಯಾಯದ ಆಚೆ ಇದ್ದವಳು ದುಂಡಸಿಯ ನನ್ನ ಸೋದರಮಾವನ ಮನೆಯ ಜಿಂಕಿ. ಮುಧೋಳ ತಳಿಯ ಹೆಣ್ಣು ಬೇಟೆನಾಯಿ. ಬಿಲ್ಲಿನಂತೆ ಬಾಗಿದ ಬೆನ್ನು, ಎರಡು ಅಂಗೈಗಳಲ್ಲಿ ಹಿಡಿಯಬಹುದಾದ ನಡು, ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ನೆಲ ಮುಟ್ಟದಂಥ ಓಟ. ಆ ಓಟವನ್ನು ಕಂಡಾಗಲೆಲ್ಲ ನನಗೆ ಅನಿಸುತ್ತದೆ, ಇವಳನ್ನು ಮಾಡಿದವರು ಯಾರು? ತೋಳದಂಥ ಪ್ರಾಣಿಯೊಂದರಿಂದ ಶುರುಮಾಡಿ, ಅಕ್ಷರ ಬಾರದ ಎಷ್ಟೋ ಕುರಿಗಾಹಿಗಳು ‘ಇದು ಇರಲಿ, ಇದರ ಮರಿ ಬೇಕು’ ಎಂದು ಮರಿ ಆರಿಸುತ್ತ, ಬರಿಗಣ್ಣಿನಿಂದ ಕಡೆದ ಮೂರ್ತಿ ಇವಳು. ಕಡೆದವರ ಹೆಸರು ಎಲ್ಲಿಯೂ ಇಲ್ಲ, ಮೂರ್ತಿ ಮಾತ್ರ ಅಂಗಳದಲ್ಲಿ ಬಾಲ ಅಲ್ಲಾಡಿಸುತ್ತದೆ.

ಹೋದ ಸಲ ಜಿಂಕಿ ಐದು ಮರಿ ಹಾಕಿದಳು. ಎರಡು ಹುಟ್ಟು ಕಿವುಡು. ಅದರಲ್ಲೊಂದು ಟ್ರ್ಯಾಕ್ಟರಿನ ನೆರಳಲ್ಲಿ ಮಲಗಿತ್ತು. ಮಾವ ಗಾಡಿ ಶುರುಮಾಡಿದಾಗ ಉಳಿದವೆಲ್ಲ ಎದ್ದು ಓಡಿದವು. ಇಷ್ಟು ಹೇಳಿದರೆ ಸಾಕು. ಮಾವ ಆ ಮೇಲೆ ಗಾಡಿ ಹತ್ತುವ ಮೊದಲು ಒಂದು ಸುತ್ತು ಬಗ್ಗಿ ನೋಡುವುದನ್ನು ಎಂದೂ ತಪ್ಪಿಸಿಲ್ಲ. ಈಗ ಜಿಂಕಿಗೆ ಆರು ವರ್ಷ. ಇನ್ನೊಂದೇ ಸೂಲು, ಅದೇ ಕೊನೆಯದು. “ಈ ಸಲಾನೂ ಕಿವುಡು ಹುಟ್ಟಿದ್ರ ನಾ ಇನ್ನ ನಾಯಿ ಸಾಕೂದಿಲ್ಲ, ಮುಗೀತು,” ಎಂದು ಫೋನಿನಲ್ಲಿ ಹೇಳಿ, ವರ ನೋಡಲು ನನ್ನನ್ನು ಕರೆಸಿದರು. ಓದಿದವಳಲ್ಲವೇ.

ಹೋಗಿ ನೋಡಿದರೆ ಮಾವ ಲೆಕ್ಕಾಚಾರ ಮುಗಿಸಿ ಕೂತಿದ್ದರು. “ರಟ್ಟೀಹಳ್ಳ್ಯಾಗ ಒಂದು ಗಂಡೈತಿ, ಆದ್ರ ಅದು ಬರೂದಿಲ್ಲವಾ. ಜಿಂಕಿ ದೊಡ್ಡವ್ವನ ಮಗ, ಅಣ್ಣ ಆಗ್ತೈತಿ. ಹಾನಗಲ್ಲದು ಸ್ವಂತ ಸೋದರಮಾವನ ಮಗ. ಹಕ್ಕಿನ ವರ!”

ನಾಯಿಗಳಿಗೂ ನಮ್ಮದೇ ಕಟ್ಟಳೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದೆ. ತಾಯಿಯ ಜೊತೆ ಹುಟ್ಟಿದ ಗಂಡಿನ ಮಗನಾಗಲಿ, ಹೆಣ್ಣಿನ ಮಗನಾಗಲಿ, ಜಿಂಕಿಯೊಡನೆ ಹಂಚಿಕೊಂಡ ರಕ್ತ ಸಮಸಮ. ಕಿವುಡುತನದಂಥ ಕೆಡುಕಿನ ಒಂದು ಅಕ್ಷರ ಆ ಮನೆತನದ ರಕ್ತದಲ್ಲಿ ಅಡಗಿ ಹರಿಯುತ್ತಿದ್ದರೆ ಅದು ಎರಡು ಕಡೆಯಿಂದಲೂ ಬಂದು ಮರಿಯಲ್ಲಿ ಕೂಡುವ ಸಂಭವ ಇಬ್ಬರು ವರರಿಗೂ ಒಂದೇ. ಹೋದ ಸಲ ಕೂಡಿಸಿದ್ದೂ ಒಳಸಂಬಂಧವೇ. ಹಕ್ಕಿನ ವರ ಬೇಡ ಎಂದೆ.

ಮಾವ ಆ ಗೆರೆಗಳ ಮೇಲೆ ಬೆರಳು ಎಳೆದರು. “ಅಲ್ಲವಾ, ನನ್ನ ಮಗನ್ನ ನೀ ಒಲ್ಲೆ ಅಂದಿ. ಈಗ ನಾಯಿನೂ ಒಲ್ಲೆ ಅನ್ನಸ್ತಿ. ನಮ್ಮ ಮನ್ಯಾಗ ಸಂಬಂಧ ಬೆಳ್ಯೂದು ಹೆಂಗ?”

ಒಳಗಿನಿಂದ ಅತ್ತೆ, “ಆಕಿ ಆಗೂ ಒಲ್ಲೆ ಅನ್ನಲಿಲ್ರಿ. ಸುಮ್ನ ಕುಂತ್ಲು, ನೀವ ತಿಳ್ಕೊಂಡ್ರಿ,” ಎಂದರು. ನಾನು ಕ್ಯಾಲೆಂಡರನ್ನು ಮಗುಚಿ ಗೋಡೆಗೆ ತೂಗುಹಾಕಿದೆ. ಮಾವನ ಮಗ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆ ಎಂಬುದಷ್ಟನ್ನೇ ಇಲ್ಲಿ ಬರೆಯಬಹುದು.

ಹೊರಗಿನ ವರ ಸಿಕ್ಕಿದ್ದು ಸವಣೂರಿನಲ್ಲಿ, ವೀಳ್ಯದೆಲೆ ಬೆಳೆಯುವ ಖಾದರಸಾಬರ ತೋಟದಲ್ಲಿ. ಹೆಸರು ಮೋತಿ. ದಾರಿಹೋಕ ಕುರಿಗಾಹಿಗಳ ಹಿಂಡಿನಿಂದ ಮರಿಯಿದ್ದಾಗ ತಂದದ್ದು. ಉದ್ದ ಕಾಲು, ಹರಿದ ಕಿವಿ, ಮೈಮೇಲೆ ಹುಲಿಯಂಥ ಮಸಕು ಪಟ್ಟೆ. ಮಾವ ಅದರ ಸುತ್ತ ಎರಡು ಸಲ ತಿರುಗಿ, “ಖಾದರಸಾಬ, ಇದರ ಮನಿತನ?” ಎಂದರು.

“ಇದರ ಖಾನದಾನ ನನಗ ಗೊತ್ತಿಲ್ರಿ ಗೌಡ್ರ. ಕಿವಿ ಗೊತ್ತೈತಿ. ತ್ವಾಟದಾಗ ಒಂದು ಎಲಿ ಬಿದ್ರ ಎದ್ದು ಕುಂದರ್ತೈತಿ.”

ಮಾವ ನನ್ನ ಮುಖ ನೋಡಿದರು. ಕೇಳುವ ಕಿವಿಯ ಹಿಂದೆ ಕೇಳದ ಕಿವಿಯೂ ಅಡಗಿರಬಹುದು. ಖಾತ್ರಿ ಕೊಡಲು ನನಗಾಗದು. ಅದನ್ನೂ ಹೇಳಿದೆ. ದಿನವಿಡೀ ಬೆರಕೆ ಕೀಳುವವಳು ಬೆರಕೆಗೆ ಶಿಫಾರಸು ಮಾಡುತ್ತಿದ್ದೆ. ಹನುಮವ್ವನ ಐನೂರು ಲಗ್ನಗಳ ಮೇಲೆ ಭಾರ ಹಾಕಿ, “ಹೂಂ ಅನ್ರಿ ಮಾವ,” ಎಂದೆ. ಮಾವ ಹೂಂ ಎಂದರು. ಮುಂದಿನದು ಜಿಂಕಿ ಮತ್ತು ಮೋತಿಯ ಖಾಸಗಿ ವಿಷಯ.

ಆರು ಮರಿ ಹುಟ್ಟಿದವು. ಖಾದರಸಾಬರು ಎಲೆಯ ಕಟ್ಟು ಕಳಿಸಿದಾಗ ಮಾವ ಓಣಿಗೆಲ್ಲ ಕೇಳುವಂತೆ, “ಬೀಗರು ಎಲಿ ಕಳ್ಸ್ಯಾರ, ತಗೋರಿ,” ಎಂದು ಹಂಚಿದರಂತೆ. ಮರಿಗಳು ಕುರುಡಾಗಿ, ಕಿವಿ ಮುಚ್ಚಿಕೊಂಡೇ ಹುಟ್ಟುತ್ತವೆ. ಕಿವಿ ತೆರೆಯಲು ಎರಡು ಮೂರು ವಾರ ಬೇಕು. ಆ ವಾರಗಳಲ್ಲಿ ಮಾವ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಇಪ್ಪತ್ನಾಲ್ಕನೆಯ ದಿನ ದುಂಡಸಿಗೆ ಹೋದೆ. ಜಿಂಕಿಯನ್ನು ಹಿತ್ತಲಿನಲ್ಲಿ ಕಟ್ಟಿಸಿ, ಒಂದೊಂದೇ ಮರಿಯನ್ನು ರಟ್ಟಿನ ಡಬ್ಬದಲ್ಲಿ ಕೂರಿಸಿ, ಅದಕ್ಕೆ ಕಾಣದಂತೆ ಗೋಡೆಯಾಚೆ ಅತ್ತೆಯಿಂದ ಸ್ಟೀಲಿನ ಮುಚ್ಚಳ ಬೀಳಿಸಿದೆ. ಮೊದಲನೆಯದು ಬೆಚ್ಚಿತು. ಎರಡನೆಯದು ಬೆಚ್ಚಿ ಉಚ್ಚೆ ಹೊಯ್ದುಕೊಂಡಿತು. ಮೂರು, ನಾಲ್ಕು, ಐದು. ಒಂದೊಂದು ಪುಟ್ಟ ಕಿವಿ ಸದ್ದಿನ ಕಡೆ ತಿರುಗಿದಾಗಲೂ ಹತ್ತಿ ಪರೀಕ್ಷೆಯ ಪಟ್ಟಿಯಲ್ಲಿ ಆ ಎರಡನೆಯ ಗೆರೆ ಮೂಡುವುದನ್ನೇ ಕಂಡಂತಾಯಿತು. ಪುಸ್ತಕದಲ್ಲಿ ಮರಿಗೊಂದು ಸಾಲಿನಂತೆ, ‘ಕೇಳುತ್ತದೆಯೇ’, ‘ಯಾವ ಸದ್ದಿಗೆ’ ಎಂಬ ಎರಡು ಅಂಕಣಗಳಲ್ಲಿ ಬರೆಯುತ್ತಾ ಹೋದೆ.

ಆರನೆಯದು ಪಟ್ಟೆ ಮೈಯದು. ಮುಚ್ಚಳ ಬಿತ್ತು. ಅದು ಮುಂಗಾಲ ಮೇಲೆ ಮೂತಿಯಿಟ್ಟುಕೊಂಡು ಹಾಗೆಯೇ ಇತ್ತು. ಮತ್ತೊಮ್ಮೆ ಬೀಳಿಸಿದೆವು. ಇಲ್ಲ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಮಾವ ನಮಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಂತು, ಗೂಟದಲ್ಲಿ ತೂಗುಹಾಕಿದ್ದ ಹಗ್ಗವನ್ನು ಸುಮ್ಮನೆ ಬಿಚ್ಚಿ ಸುತ್ತತೊಡಗಿದರು. ಸುತ್ತುತ್ತಲೇ, ಯಾರಿಗೂ ಅಲ್ಲವೆಂಬಂತೆ, ಬಾಯೊಳಗೇ ಅಂದರು: “ಇರ್ಲಿ ಬಿಡಪಾ. ಹೆಂಗಿದ್ರೂ ನೀ ನಮ್ಮಾಂವ.”

ಮರಿಯ ಎಡಗಿವಿ ಮೇಲೆದ್ದಿತು. ಆಮೇಲೆ ಕತ್ತು. ಆಮೇಲೆ ಇಡೀ ಮರಿ ಎದ್ದು, ತೂರಾಡಿ, ಮಾವನ ಕಡೆ ತಿರುಗಿ ಕೂತಿತು.

“ಕೇಳ್ತೈತ್ರಿ ಅದಕ್ಕ!” ಎಂದು ಅತ್ತೆ ಕೂಗಿದರು. “ಮುಚ್ಚಳಾ ಬಿದ್ರ ನಾ ಯಾಕ ಏಳ್ಲಿ ಅಂತ ಕುಂತಿತ್ತು. ನಮ್ಮ ಈ ಹುಡುಗಿ ಹಂಗ!”

ನಾನು ಆರನೆಯ ಸಾಲಿನಲ್ಲಿ ‘ಕೇಳುತ್ತದೆ’ ಎಂದು ಬರೆದೆ. ‘ಯಾವ ಸದ್ದಿಗೆ’ ಎಂಬಲ್ಲಿ ಮೇಲಿನ ಐದು ಸಾಲುಗಳಂತೆ ‘ಮುಚ್ಚಳ’ ಎಂದು ಬರೆಯಲಾಗಲಿಲ್ಲ. ಅದು ಇನ್ನೂ ಖಾಲಿಯೇ ಇದೆ.